ಸೋರಿಯಾಸಿಸ್ ಮತ್ತು ಸಂಧಿವಾತ

ಸೋರಿಯಾಸಿಸ್ ಚರ್ಮದ ದೀರ್ಘಕಾಲಿಕ ಉರಿಯೂತದ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆಗಳ ಸಾಲಿನಲ್ಲೂ ಇದನ್ನು ಸೇರಿಸುವುದುಂಟು. ಬರೀ ಚರ್ಮದ ತೊಂದರೆ ಎಂದು ಇದನ್ನು ನೋಡುವ ರೂಢಿಯಿಂದ ಎಷ್ಟೋ ರೋಗಿಗಳ ಕೀಲುಗಳಿಗೆ ಹಾನಿಯಾಗಿದೆ.

ಮೊಣಕೈ, ಮೊಣಕಾಲು, ನೆತ್ತಿ, ಬೆನ್ನಿನ ಕೆಳಭಾಗಗಳಲ್ಲಿ ಅಂಚು ಸ್ಪಷ್ಟವಾಗಿರುವ ದಪ್ಪ ಮಚ್ಚೆಗಳೆದ್ದು, ಮೇಲೆ ಬೆಳ್ಳಿಬಣ್ಣದ ಹೊಟ್ಟು ಉದುರುತ್ತದೆ. ವೈದ್ಯಗ್ರಂಥಗಳು ಇವನ್ನು ಕೆಂಪು ಎನ್ನುತ್ತವೆ. ನಮ್ಮಂಥ ಕಂದು ಚರ್ಮದವರಲ್ಲಿ ನೇರಳೆ ಇಲ್ಲವೇ ಬೂದುಗಂದು ಬಣ್ಣಕ್ಕೆ ಕಾಣುತ್ತವೆ. ನೆತ್ತಿಯಲ್ಲಾದರೆ ತಲೆಹೊಟ್ಟೆಂದು ತಿಳಿದು ಶಾಂಪೂ ಬದಲಿಸುತ್ತಲೇ ಇರುವವರಿದ್ದಾರೆ. ಹೊರಚರ್ಮದ ಕೋಶ ಹುಟ್ಟಿ ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಆ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಗೀರು, ಹಚ್ಚೆ, ಶಸ್ತ್ರಚಿಕಿತ್ಸೆಯ ಹೊಲಿಗೆ ಬಿದ್ದ ಕಡೆಯೂ ಹೊಸ ಮಚ್ಚೆ ಏಳಬಹುದು; ಇದನ್ನು ಕೋಬ್ನರ್ ಲಕ್ಷಣ ಎನ್ನುತ್ತಾರೆ. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೂ ಯೂರೋಪಿನಲ್ಲಿ ಬಹುಕಾಲ ಇದನ್ನು ಕುಷ್ಠದ ಜೊತೆ ಬೆರೆಸಿದ್ದರು. ಎರಡನ್ನೂ ಖಚಿತವಾಗಿ ಬೇರ್ಪಡಿಸಿದ್ದು 1841ರಲ್ಲಿ, ವಿಯೆನ್ನಾದ ವೈದ್ಯ ಫರ್ಡಿನಾಂಡ್ ಫಾನ್ ಹೆಬ್ರಾ.

ಚರ್ಮದ ಕೋಶಗಳಲ್ಲೇ ದೋಷವಿದೆ ಎಂಬ ನಂಬಿಕೆ 1970ರ ದಶಕದವರೆಗೂ ಗಟ್ಟಿಯಾಗಿತ್ತು. ಅದನ್ನು ಅಲುಗಾಡಿಸಿದ್ದು ಒಂದು ಆಕಸ್ಮಿಕ. ಸಂಧಿವಾತದ ರೋಗಿಗಳಿಗೆ ಸೈಕ್ಲೋಸ್ಪೋರಿನ್ ಕೊಟ್ಟು ನೋಡುತ್ತಿದ್ದಾಗ ಅವರ ಸೋರಿಯಾಸಿಸ್ ಕೂಡ ತಗ್ಗಿದ್ದು 1979ರಲ್ಲಿ ವರದಿಯಾಯಿತು. ಅಂಗಾಂಗ ಕಸಿಯಲ್ಲಿ ಬಳಕೆಗೆ ಬಂದ ಈ ಔಷಧ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳನ್ನು ಹತ್ತಿಕ್ಕುತ್ತದೆ. ಅಂದಮೇಲೆ ರೋಗದ ಮೂಲ ರಕ್ಷಣಾ ವ್ಯವಸ್ಥೆಯಲ್ಲಿರಬೇಕು ಎಂದಾಯಿತು. ಇಂದಿನ ತಿಳಿವಳಿಕೆಯಂತೆ ಇಂಟರ್‌ಲ್ಯೂಕಿನ್-23 ಎಂಬ ರಾಸಾಯನಿಕ ಸಂದೇಶ ಟಿ ಕೋಶಗಳನ್ನು ಕೆರಳಿಸುತ್ತದೆ. ಅವು ಇಂಟರ್‌ಲ್ಯೂಕಿನ್-17 ಬಿಡುಗಡೆ ಮಾಡಿ ಚರ್ಮದ ಕೋಶಗಳನ್ನು ವಿಪರೀತ ವೇಗದಲ್ಲಿ ಬೆಳೆಸುತ್ತವೆ. ಎಚ್‌ಎಲ್‌ಎ-ಸಿ 06:02 ಎಂಬ ವಂಶವಾಹಿ ರೂಪ ಇದ್ದವರಲ್ಲಿ ಅಪಾಯ ಹೆಚ್ಚು. ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಗಂಟಲುಬೇನೆಯ ಬೆನ್ನಿಗೇ ಮೈತುಂಬ ಚಿಕ್ಕ ಮಚ್ಚೆಗಳು ಏಳುವುದುಂಟು.

ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆಯಲ್ಲಿ ಸ್ವಂತ ಜೀವಕೋಶಗಳ ವಿರುದ್ಧದ ಪ್ರತಿಕಾಯಗಳು ರಕ್ತಪರೀಕ್ಷೆಯಲ್ಲಿ ಸಿಗುತ್ತವೆ. ಸೋರಿಯಾಸಿಸ್‌ಗೆ ಅಂಥ ಪರೀಕ್ಷೆಯಿಲ್ಲ. ಎಲ್‌ಎಲ್-37 ಎಂಬ ದೇಹದ್ದೇ ಪ್ರೋಟೀನಿನ ವಿರುದ್ಧ ಟಿ ಕೋಶಗಳು ಕೆರಳುವುದು ಕೆಲವು ರೋಗಿಗಳಲ್ಲಿ ಮಾತ್ರ ಕಂಡಿದೆ. ಆಟೋಇಮ್ಯೂನ್ ಎಂಬ ಹಣೆಪಟ್ಟಿಯ ಬಗ್ಗೆ ಇನ್ನೂ ಚರ್ಚೆ ನಡೆಯುವುದು ಇದರಿಂದಲೇ.

ಚರ್ಚೆ ಏನೇ ಇರಲಿ, ಸೋರಿಯಾಸಿಸ್ ಇರುವವರಲ್ಲಿ ಶೇಕಡಾ 30ರವರೆಗೆ ಸಂಧಿವಾತ ಬರಬಹುದು; ಹೆಚ್ಚಿನವರಲ್ಲಿ ಚರ್ಮದ ಮಚ್ಚೆ ಕಾಣಿಸಿಕೊಂಡ ಎಷ್ಟೋ ವರ್ಷಗಳ ನಂತರ. ಸುಳಿವುಗಳು ಸಣ್ಣವು: ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು, ಬುಡದಿಂದ ತುದಿವರೆಗೆ ಊದಿದ ಒಂದೇ ಬೆರಳು, ಹಿಮ್ಮಡಿ ನೋವು, ಎದ್ದಮೇಲೆ ಅರ್ಧ ಗಂಟೆ ಕಳೆದರೂ ಬಿಡದ ಬಿಗಿತ. ಸಂಧಿವಾತಕ್ಕೆಂದು ಮಾಡಿಸುವ ರುಮಟಾಯ್ಡ್ ಫ್ಯಾಕ್ಟರ್ ರಕ್ತಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ‘ರಿಪೋರ್ಟ್ ನಾರ್ಮಲ್’ ಎಂದು ರೋಗಿಯನ್ನು ಮನೆಗೆ ಕಳಿಸುವುದು ಇಲ್ಲಿ ದೊಡ್ಡ ತಪ್ಪು.

ಕರುಳಿನ ಕ್ರೋನ್ಸ್ ಕಾಯಿಲೆ, ಕಣ್ಣಿನ ಯುವಿಯೈಟಿಸ್ ಕೂಡ ಇದೇ ಬಳಗದವು. ಬಳಗ ಒಂದೇ ಆದರೂ ಮದ್ದು ಒಂದೇ ಅಲ್ಲ. ಇಂಟರ್‌ಲ್ಯೂಕಿನ್-17 ತಡೆಯುವ ಸೆಕುಕಿನುಮ್ಯಾಬ್ ಚರ್ಮಕ್ಕೂ ಕೀಲಿಗೂ ಒಳ್ಳೆಯದು. ಕ್ರೋನ್ಸ್ ರೋಗಿಗಳ ಮೇಲಿನ ಪ್ರಯೋಗದಲ್ಲಿ ಅದು ಸೋತಿತು. ಕ್ರೋನ್ಸ್‌ಗೆ ಕೊಡುವ ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವನ್ನು ತಡೆಯುವ ಔಷಧಗಳು ಕೆಲವರಲ್ಲಿ ಹೊಸದಾಗಿ ಸೋರಿಯಾಸಿಸನ್ನೇ ಹುಟ್ಟಿಸುತ್ತವೆ! ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳ ಸಹಯೋಗದಲ್ಲಿ ರೂಪಿಸಿದ ಇಟೊಲಿಜುಮ್ಯಾಬ್‌ಗೆ 2013ರಲ್ಲಿ ಭಾರತದಲ್ಲಿ ಸೋರಿಯಾಸಿಸ್ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಇಂಥ ಜೈವಿಕ ಔಷಧ ಶುರುಮಾಡುವ ಮುನ್ನ ದೇಹದಲ್ಲಿ ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸಬೇಕು.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮಾತ್ರೆ ಬೇಗ ಆರಾಮ ಕೊಡುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಮೈಯೆಲ್ಲ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರಬೇಕಾಗಬಹುದು. ಮಚ್ಚೆಯ ಜೊತೆ ಕೀಲುನೋವೂ ಇದ್ದರೆ ಚರ್ಮವೈದ್ಯರಿಗೆ ಅದನ್ನು ತಪ್ಪದೆ ಹೇಳಿ, ಸಂಧಿವಾತ ತಜ್ಞರನ್ನೂ ಕಾಣಬೇಕು.