ಪರದೆಯಿಂದ ಪ್ರದರ್ಶನಾಲಯಕ್ಕೆ: ತೊಗಲುಗೊಂಬೆ ಮತ್ತು ಚಲನಚಿತ್ರ ಕಲೆ

ಚಲನಚಿತ್ರೋತ್ಸವಗಳ ಆವರಣದಲ್ಲಿ ಅನಿಮೇಷನ್ ಚಿತ್ರಗಳನ್ನೂ ಗೊಂಬೆಗಳನ್ನೂ ಜೊತೆಯಾಗಿ ಪ್ರದರ್ಶಿಸುವುದಕ್ಕೆ ಐತಿಹಾಸಿಕ ಸಮರ್ಥನೆಯುಂಟು. ಬೆಳಕು, ಪರದೆ ಮತ್ತು ಆಕೃತಿಗಳ ಮೂಲಕ ಕಥನವನ್ನು ಕಟ್ಟುವ ಕಲೆ ಸಿನಿಮಾಕ್ಕಿಂತ ಪ್ರಾಚೀನವಾದುದು. ಕರ್ನಾಟಕದಲ್ಲಿ ಈ ಪರಂಪರೆಯನ್ನು ಉಳಿಸಿಕೊಂಡು ಬಂದವರು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರು. ಮನೆಯಲ್ಲಿ ಮರಾಠಿ ಮೂಲದ ನುಡಿಯನ್ನಾಡುವ ಈ ಅಲೆಮಾರಿ ಕಲಾವಿದರು ರಾಮಾಯಣ, ಮಹಾಭಾರತಗಳನ್ನು ಕನ್ನಡದ ಹಳ್ಳಿಗಳಿಗೆ ತಲುಪಿಸಿದರೆಂಬುದು ಗಮನಾರ್ಹ.

ಹದಗೊಳಿಸಿದ ತೊಗಲು ಬೆಳಕನ್ನು ಹಾಯಿಸುವಷ್ಟು ತೆಳುವಾಗಿರುತ್ತದೆ. ಅದರ ಮೇಲೆ ರೇಖೆಗಳನ್ನು ಬರೆದು, ರಂಧ್ರಗಳನ್ನು ಕೊರೆದು, ಬಣ್ಣ ತುಂಬಲಾಗುತ್ತದೆ. ಪಾತ್ರದ ಸ್ಥಾನಮಾನಕ್ಕೆ ಅನುಗುಣವಾಗಿ ಗೊಂಬೆಯ ಗಾತ್ರ ಬದಲಾಗುವುದುಂಟು. ಕೈಕಾಲುಗಳು ಚಲಿಸುವ ಬಿಡಿಗೊಂಬೆಗಳ ಜೊತೆಗೆ ಹಲವು ಪಾತ್ರಗಳನ್ನು ಒಂದೇ ತೊಗಲಿನಲ್ಲಿ ಚಿತ್ರಿಸಿದ ಸಂಯುಕ್ತ ಗೊಂಬೆಗಳೂ ಇವೆ. ಇವುಗಳಲ್ಲಿ ದೃಶ್ಯವೊಂದು ಇಡಿಯಾಗಿ ಅಡಕವಾಗಿರುತ್ತದೆ. ಕಥೆಯ ನಡುವೆ ಬರುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಹಾಸ್ಯದ ಮೂಲಕ ಪುರಾಣವನ್ನು ನಿತ್ಯಜೀವನಕ್ಕೆ ಬೆಸೆಯುತ್ತಾರೆ.

ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕಪ್ಪು ಕಾಗದದ ಆಕೃತಿಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಸರಿಸುತ್ತ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವನ್ನು ರೂಪಿಸಿದರು. ಭಾರತದಲ್ಲಿ 1956ರ ವೇಳೆಗೆ ಫಿಲ್ಮ್ಸ್ ಡಿವಿಜನ್ನಿನ ವ್ಯಂಗ್ಯಚಿತ್ರ ಘಟಕವು ಆರಂಭವಾಯಿತು. ರೈನಿಗರರ ಆಕೃತಿ ಬೆಳಕನ್ನು ತಡೆಯುತ್ತದೆ. ಕರ್ನಾಟಕದ ತೊಗಲು ಬೆಳಕನ್ನು ಬಣ್ಣವಾಗಿ ಹಾಯಿಸುತ್ತದೆ. ಚಿತ್ರದಲ್ಲಿ ಚಲನೆ ಮುಂಚಿತವಾಗಿಯೇ ಸಿದ್ಧವಾಗಿರುತ್ತದೆ; ಬಯಲಿನಲ್ಲಿ ಅದು ಸೂತ್ರಧಾರನ ಕೈ ಮತ್ತು ಕಂಠಗಳಲ್ಲಿ ಆ ಕ್ಷಣಕ್ಕೆ ಹುಟ್ಟುತ್ತದೆ.

ಈ ವ್ಯತ್ಯಾಸವೇ ಪ್ರದರ್ಶನಗಳ ಮುಂದಿರುವ ಮುಖ್ಯ ಪ್ರಶ್ನೆ. ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಮಹತ್ವದ ಸಂಗ್ರಹ ರೂಪುಗೊಂಡಿತು. ಎಸ್.ಎ. ಕೃಷ್ಣಯ್ಯ ಅವರ ಅಧ್ಯಯನವು ರಾಜ್ಯದ ಗೊಂಬೆಯಾಟದ ದಾಖಲೀಕರಣಕ್ಕೆ ನೆರವಾಯಿತು. ಸಂಗ್ರಹಗಳಿಂದ ಗೊಂಬೆಗಳು ಉಳಿದವೆಂಬುದು ನಿಜ. ಆದರೆ ಮುಂದಿನಿಂದ ಬೆಳಕು ಬಿದ್ದು ಗೋಡೆಗೆ ತಗುಲಿದ ಗೊಂಬೆ ತನ್ನ ಅರ್ಧ ಗುಣವನ್ನು ಕಳೆದುಕೊಳ್ಳುತ್ತದೆ. ಹಾಡು, ಮಾತು, ವಾದ್ಯ ಮತ್ತು ಕುಟುಂಬದ ಸ್ತ್ರೀಪುರುಷರ ಸಹಭಾಗಿತ್ವ ಗಾಜಿನ ಪೆಟ್ಟಿಗೆಯೊಳಗೆ ಬರಲಾರವು.

ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ಪುರಾಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ವಸ್ತುವನ್ನೂ ಪರದೆಗೆ ತಂದರು. 2023ರಲ್ಲಿ ಅವರು ನಿಧನರಾದರು. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಈ ಎರಡು ಸಂಗತಿಗಳು ಕಲೆ ಇನ್ನೂ ಜೀವಂತವೆಂಬುದನ್ನೂ, ಅದು ವ್ಯಕ್ತಿಗಳ ನೆನಪನ್ನೇ ಅವಲಂಬಿಸಿದೆಯೆಂಬುದನ್ನೂ ಸೂಚಿಸುತ್ತವೆ.

ಆದುದರಿಂದ ಗೊಂಬೆಯನ್ನು ಹಿಂಬದಿಯ ಬೆಳಕಿನೊಡನೆ ತೋರಿಸುವುದು, ತಯಾರಿಸಿದವರ ಹೆಸರನ್ನು ನಮೂದಿಸುವುದು, ಕಲಾವಿದರನ್ನೇ ಆಟಕ್ಕೆ ಆಹ್ವಾನಿಸುವುದು ಅಗತ್ಯ. ಇಂತಹ ಪ್ರದರ್ಶನ ರಾಜಧಾನಿಯ ಉತ್ಸವಗಳಿಗಷ್ಟೇ ಸೀಮಿತವಾಗಬೇಕಿಲ್ಲ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಸ್ಮರಣೆಯಲ್ಲಿ ಕಲಬುರಗಿಯ ದೇವಸ್ಥಾನದಲ್ಲಿ ಪ್ರತಿವರ್ಷ ನಡೆಯುವ ಜಾತ್ರೆಯಂತಹ ಜನಸಂಗಮಕ್ಕೆ ಅದು ತಲುಪಿದರೆ, ಗೊಂಬೆಯು ತಾನು ಹುಟ್ಟಿದ ಸಾಮಾನ್ಯ ಪ್ರೇಕ್ಷಕರ ಎದುರಿಗೆ ಮರಳಿ ನಿಲ್ಲುತ್ತದೆ.