ಬಿಳಿಗಿರಿರಂಗನ ಬೆಟ್ಟದ ಪೋಡುಗಳು

ಚಾಮರಾಜನಗರ ಜಿಲ್ಲೆಯ ಯಳಂದೂರಿನಿಂದ ಬೆಟ್ಟ ಹತ್ತುವ ಹೆಚ್ಚಿನವರು ಬಿಳಿಬಂಡೆಯ ಅಂಚಿನ ದೇವಸ್ಥಾನ ನೋಡಿ, ಸಫಾರಿ ಜೀಪಿನಲ್ಲೊಂದು ಸುತ್ತು ಹಾಕಿ ಇಳಿದುಬಿಡುತ್ತಾರೆ. ಆದರೆ ಬಿಳಿಗಿರಿರಂಗನ ಬೆಟ್ಟ ಜನ ಬಾಳಿ ಬದುಕುತ್ತಿರುವ ಊರು. ಯರಕನಗದ್ದೆ, ಮುತ್ತುಗದಗದ್ದೆ, ಕೆರೆದಿಂಬ, ಗೊಂಬೆಗಲ್ಲು ಎಂದು ಕಾಡಿನುದ್ದಕ್ಕೂ ಚದುರಿಕೊಂಡಿರುವ ಸೋಲಿಗ ಆದಿವಾಸಿಗಳ ಪೋಡುಗಳೇ ಅದರ ಕೇರಿಗಳು. ಬೆಟ್ಟದ ರಂಗನಾಥ ತಮ್ಮ ಮನೆಮಗಳು ಕುಸುಮಾಲೆಯನ್ನು ಕಟ್ಟಿಕೊಂಡವನೆಂದು ಸೋಲಿಗರ ಕತೆ ಹೇಳುತ್ತದೆ, ಹಾಗಾಗಿ ಅವರಿಗೆ ಆತ ರಂಗಭಾವ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರ ಅವರ ಪೂಜೆಯ ಜಾಗ. ಒಂದೊಂದು ಕುಲಕ್ಕೂ ತನ್ನದೇ ಯೆಲ್ಲೆ, ಅಂದರೆ ಕಾಡಿನ ಸೀಮೆ, ಉಂಟು. ಆ ಯೆಲ್ಲೆಯೊಳಗೆ ದೇವರು, ಮಾರಿ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ನೆಲೆಗಳೆಲ್ಲವೂ ಇರಬೇಕು. ಇಂಥ ನೂರಾರು ನೆಲೆಗಳನ್ನು ಸೋಲಿಗರೇ ಸಂಶೋಧಕರ ಜೊತೆ ಕಾಡು ಸುತ್ತಿ, ಜಿಪಿಎಸ್ ಹಿಡಿದು ನಕ್ಷೆಗೆ ಇಳಿಸಿದ್ದಾರೆ. ಹೊರಗಿನವರಿಗೆ ಹೆಸರಿಲ್ಲದ ಕಾಡಾಗಿ ಕಾಣುವ ಜಾಗ ಆ ನಕ್ಷೆಯಲ್ಲಿ ಒಡೆತನ, ನೆಂಟಸ್ತಿಕೆ, ಹರಕೆಗಳಿಂದ ತುಂಬಿಹೋಗಿದೆ. ಕಾಡನ್ನು ಕಾಯುವ ಕೆಲಸದಿಂದ ಈ ಜನರನ್ನು ದೂರವಿಟ್ಟಿದ್ದರಿಂದ ಕಾಡಿಗೇ ಕೇಡಾಯಿತು ಎಂಬುದಕ್ಕೆ ಬೆಟ್ಟದ ಕಳೆದ ಐವತ್ತು ವರ್ಷಗಳ ಚರಿತ್ರೆಯಲ್ಲಿ ಸಾಕಷ್ಟು ಪುರಾವೆಯಿದೆ.

1974ರಲ್ಲಿ ಈ ಕಾಡು ವನ್ಯಜೀವಿ ಧಾಮವಾಯಿತು. ಜಾಗ ಬದಲಿಸುತ್ತಾ ರಾಗಿ ಬಿತ್ತುತ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು, ಕಾಡಿಗೆ ಬೆಂಕಿ ಇಡುವುದು ಅಪರಾಧವಾಯಿತು. ಒಳಗಿನ ಪೋಡುಗಳ ಎಷ್ಟೋ ಕುಟುಂಬಗಳು ರಸ್ತೆ ಬದಿಯ ಕಾಲೊನಿಗಳಿಗೆ ಬಂದು ಸೇರಿದವು. ಆಮೇಲೆ ಕೈಯಲ್ಲಿ ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಪಾಚಿ. ಅವನ್ನು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಟ್ಟು ನಾಲ್ಕು ಕಾಸು ಕಾಣುತ್ತಿದ್ದರು. 2006ರಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ತರುವುದಕ್ಕೂ ತಡೆ ಬಿತ್ತು. ಅದೇ ವರ್ಷ ಸಂಸತ್ತು ಕಾಡಿನವರ ಹಕ್ಕನ್ನು ಮನ್ನಿಸುವ ಅರಣ್ಯ ಹಕ್ಕು ಕಾಯ್ದೆಯನ್ನು ಒಪ್ಪಿತೆಂಬುದನ್ನು ಮರೆಯುವಂತಿಲ್ಲ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು, ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದ ಮೊದಲಿಗರು ಸೋಲಿಗರು. ಅದು ಸಣ್ಣ ಗೆಲುವಲ್ಲ. ಆದರೂ ಕಾಡಿನ ಆಗುಹೋಗು ತೀರ್ಮಾನಿಸುವ ಅಧಿಕಾರ ಮಾತ್ರ ಇಂದಿಗೂ ಅರಣ್ಯ ಇಲಾಖೆಯ ಕಚೇರಿಯಲ್ಲೇ ಉಳಿದಿದೆ.

ಸೋಲಿಗರನ್ನು ಹೀಗೆ ದೂರವಿಟ್ಟಿದ್ದರಿಂದ ಕಾಡಿಗೆ ಏನಾಯಿತೆಂದು ತಿಳಿಯಲು ಒಂದು ನೆಲ್ಲಿಮರವನ್ನು ನೋಡಿದರೆ ಸಾಕು. ಅದರ ಕೊಂಬೆಗಳ ಮೇಲೆ ಸೋಲಿಗರು ಉಪ್ಪಿಲು ಎಂದು ಕರೆಯುವ ಬದನಿಕೆ ಬೇರಿಳಿಸಿ ಕೂತಿರುತ್ತದೆ. ನೆಲ್ಲಿಯ ಸಣ್ಣ ಎಲೆಗಳ ನಡುವೆ ಅದರ ದಪ್ಪ ಎಲೆ ದೂರದಿಂದಲೇ ಎದ್ದು ಕಾಣುತ್ತದೆ. ಅದು ಮರದ ನೀರು ಕುಡಿದು ಬೆಳೆದಂತೆ ಕೊಂಬೆ ಸೊರಗುತ್ತದೆ, ಕಾಯಿ ಕಡಿಮೆಯಾಗುತ್ತದೆ, ಕೊನೆಗೆ ಮರವೇ ಒಣಗುತ್ತದೆ. ಹಿಂದೆ ಬೇಸಿಗೆ ಬಲಿಯುವ ಮುನ್ನ ಹಾಕುತ್ತಿದ್ದ ತರಗು ಬೆಂಕಿ ಉಪ್ಪಿಲನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಸೋಲಿಗರ ತಿಳಿವಳಿಕೆ. ಆ ಬೆಂಕಿ ನೆಲದ ಎಲೆಯನ್ನಷ್ಟೇ ಸುಟ್ಟು ಸಾಗುತ್ತಿತ್ತು, ಮಳೆ ಬಿದ್ದ ಮೇಲೆ ಅಲ್ಲಿ ಹುಲ್ಲು ಚಿಗುರುತ್ತಿತ್ತು. ಆ ಬೆಂಕಿ ನಿಂತ ದಶಕಗಳಲ್ಲೇ ಲಂಟಾನ ಎಂಬ ಕಳೆ ಕಾಡಿನೊಳಗೆ ನುಗ್ಗಿತು. 1997ರಿಂದ 2008ರವರೆಗಿನ ಹನ್ನೊಂದೇ ವರ್ಷಗಳಲ್ಲಿ ಅದು ಎಷ್ಟು ಹಬ್ಬಿತೆಂಬುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಅದರ ಪೊದೆಯಡಿ ಹುಲ್ಲಿಲ್ಲ, ಮರದ ಸಸಿಯಿಲ್ಲ. ಜಿಂಕೆ, ಕಾಡೆಮ್ಮೆಗಳ ಮೇವು ಹೋದರೆ ಹುಲಿಯ ಊಟವೂ ಹೋಯಿತೆಂದೇ ಲೆಕ್ಕ. ಲಂಟಾನದ ಬೆಳವಣಿಗೆಗೆ ಬೆಂಕಿ ನಿಂತದ್ದೊಂದೇ ಕಾರಣವೆಂದು ಹೇಳಲಾಗದು, ಬೆಳಕು, ಬರಗಳ ಪಾತ್ರವೂ ಇದ್ದೀತು. ಆದರೆ ಸೋಲಿಗರು ಮೊದಲೇ ಹೇಳಿದ್ದನ್ನು ಪರೀಕ್ಷಿಸಿಯಾದರೂ ನೋಡಬೇಕಿತ್ತು.

ಕಾಡಿನ ಉಸ್ತುವಾರಿಯಲ್ಲಿ ಸೋಲಿಗರು ಸೇರುವುದಕ್ಕೆ ಹುಲಿಯ ಹೆಸರಿನಲ್ಲಿ ಬರುವ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಹುಲಿಗೆ ಗದ್ದಲವಿಲ್ಲದ ಕಾಡು ಬೇಕು ಎಂಬುದು ನಿಜ. ಆದರೆ ಸುಮಾರು 60 ಪೋಡುಗಳು ಇದ್ದುಕೊಂಡೇ ಈ ಬೆಟ್ಟದ ಹುಲಿಗಳ ಅಂದಾಜು 2010ರ 35ರಿಂದ 2014ರ ಹೊತ್ತಿಗೆ 68ಕ್ಕೆ ಏರಿತ್ತು. ಮುಂದಿನ ಎಣಿಕೆಗಳಲ್ಲಿ ಅದು ಇಳಿಯಿತು, ಹಾಗಾಗಿ ಏರಿಕೆಯ ಪುಣ್ಯವನ್ನೆಲ್ಲ ಸೋಲಿಗರಿಗೆ ಕಟ್ಟುವುದೂ ಸರಿಯಲ್ಲ. ಜನರಿದ್ದರೆ ಹುಲಿ ಉಳಿಯದು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ ಎನ್ನುವುದಕ್ಕೆ ಮಾತ್ರ ಇಷ್ಟು ಸಾಕು. ತರಗು ಬೆಂಕಿಯ ಬಗೆಗಿನ ಅಂಜಿಕೆಗೆ ಇದಕ್ಕಿಂತ ಹೆಚ್ಚು ಬೆಲೆ ಕೊಡಬೇಕು. ಆಳೆತ್ತರದ ಲಂಟಾನ ಒಣಗಿ ನಿಂತಿರುವಾಗ ಇಟ್ಟ ಕಿಡಿ ನೆಲದಲ್ಲೇ ಉಳಿಯದು, ಮರದ ತಲೆಗೇ ಏರುತ್ತದೆ. ಆದ್ದರಿಂದ ಮೊದಲು ಲಂಟಾನವನ್ನು ಬುಡಸಮೇತ ಕೀಳಬೇಕು, ತೆರವಾದ ತುಂಡು ಜಾಗದಲ್ಲಿ ಹಿರಿಯರ ನಿಗಾದಲ್ಲಿ, ಇಲಾಖೆಯ ಜೊತೆಗೂಡಿ ಬೆಂಕಿಯನ್ನು ಮತ್ತೆ ಪ್ರಯೋಗಿಸಬೇಕು. ಕಿತ್ತ ಕಡ್ಡಿಗೂ ಬೆಲೆಯುಂಟು: ಪಕ್ಕದ ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು, ಆಳೆತ್ತರ ಮೀರುವ ಆನೆಗಳನ್ನು ಹೆಣೆಯುತ್ತಿದ್ದಾರೆ.

ಪೋಡಿನ ಹುಡುಗ ಹುಡುಗಿಯರಿಗೆ ಶಾಲೆ, ನೌಕರಿ, ಮೊಬೈಲ್ ಬೇಕು, ಕಾಡು ಯಾರಿಗೆ ಬೇಕು ಎಂದು ಕೇಳುವವರೂ ಇದ್ದಾರೆ. ಶಾಲೆಯೂ ಬೇಕು, ಕುಡಗೋಲು ರಕ್ತಕಣದ (ಸಿಕಲ್ ಸೆಲ್) ಕಾಯಿಲೆಗೆ ಚಿಕಿತ್ಸೆಯೂ ಬೇಕು. ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅವೆರಡನ್ನೂ ಬೆಟ್ಟದ ಮೇಲಕ್ಕೇ ತಂದು, ಅವಕ್ಕಾಗಿ ಊರು ಬಿಡಬೇಕಿಲ್ಲವೆಂದು ತೋರಿಸಿತು. ಓದಿದ ಸೋಲಿಗರೇ ಹಕ್ಕಿನ ಅರ್ಜಿಗಳನ್ನು ಬರೆದರು, ಯೆಲ್ಲೆಗಳ ನಕ್ಷೆಗೆ ದುಡಿದರು. ಮನೆ ಹಿತ್ತಲಲ್ಲಿ ಕಾಡುಮರದ ನೆರಳಿಗೆ ಕಾಫಿ ಗಿಡ ಹಾಕಿ ನಾಲ್ಕು ಕಾಸು ಕಂಡ ಕುಟುಂಬಗಳೂ ಬಹಳ. ಹೊರಗೆ ಹೋಗುವವರು ಹೋಗಲಿ, ಯಾರನ್ನೂ ಕಾಡಿಗೆ ಕಟ್ಟಿಹಾಕಬೇಕಾಗಿಲ್ಲ. ಉಳಿಯುವವರ ಕೈಗೆ ಅರಣ್ಯ ಹಕ್ಕು ಕಾಯ್ದೆಯೇ ಕೊಟ್ಟಿರುವ ಅಧಿಕಾರ ಬರಲಿ. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಅದರ 3ನೇ ಸೆಕ್ಷನ್ನಿನಲ್ಲೇ ಇದೆ. ಗ್ರಾಮಸಭೆಗಳು ಸಮಿತಿ ಮಾಡಿಕೊಂಡು ತಮ್ಮ ಯೆಲ್ಲೆಯ ಯೋಜನೆ ಬರೆಯಬಹುದು: ಯಾವ ದಿಣ್ಣೆಯ ಲಂಟಾನ ಈ ವರ್ಷ ಕೀಳಬೇಕು, ಯಾವ ನೆಲ್ಲಿಯಿಂದ ಉಪ್ಪಿಲು ಕಡಿಯಬೇಕು, ಎಷ್ಟು ಕಾಯಿ ಮರದಲ್ಲೇ ಬಿಡಬೇಕು. ಇಲಾಖೆ ತನ್ನ ಹುಲಿ ಸಂರಕ್ಷಣಾ ಯೋಜನೆಯಲ್ಲಿ ಅದನ್ನು ಸೇರಿಸಿಕೊಂಡು, ಕೀಳುವ ಕೂಲಿಗೆ ಹಣ ತೆಗೆದಿಡಬೇಕು.