ಎಲೆತುಕ್ಕು, ಬೋರರ್ ಮತ್ತು ಅರೇಬಿಕಾ ಕಾಫಿ

ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲೂ ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ. ಒಂದು ಕಾಲಕ್ಕೆ ಈ ತೋಟಗಳಲ್ಲಿ ಅರೇಬಿಕಾದ್ದೇ ಮೇಲುಗೈ. ಇಂದು ದೇಶದ ಉತ್ಪಾದನೆಯಲ್ಲಿ ಅದರ ಪಾಲು ಮೂರನೇ ಒಂದರ ಆಸುಪಾಸಿಗೆ ಇಳಿದಿದೆ; ಉಳಿದದ್ದೆಲ್ಲ ರೊಬಸ್ಟಾ. ಇಳುವರಿ, ಕೂಲಿ, ಬೆಲೆ ಎಲ್ಲವೂ ಇದಕ್ಕೆ ಕಾರಣವೇ. ಆದರೆ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ ಬೆಳೆಗಾರರನ್ನು ಕೇಳಿದರೆ ಮೊದಲು ಬಾಯಿಗೆ ಬರುವ ಹೆಸರು ಬೋರರ್, ಆಮೇಲೆ ಎಲೆತುಕ್ಕು. ಒಂದು ದುಂಬಿ, ಇನ್ನೊಂದು ಶಿಲೀಂಧ್ರ. ಎರಡರ ಬೆನ್ನು ಹತ್ತಿ ನೂರು ವರ್ಷ ಸಂಶೋಧನೆ ನಡೆದಿದೆ. ತುಕ್ಕನ್ನು ತಡೆಯುವ ತಳಿಗಳು ಸಿಕ್ಕವು. ಬೋರರನ್ನು ತಡೆಯುವ ಅರೇಬಿಕಾ ತಳಿ ಇಂದಿಗೂ ಸಿಕ್ಕಿಲ್ಲ.

ಗಿಡದ ಹುಟ್ಟು

ಕಾಫಿ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುತೇಕ ಎಲ್ಲವುಗಳಲ್ಲಿ 22 ವರ್ಣತಂತುಗಳು. ಅರೇಬಿಕಾದಲ್ಲಿ ಮಾತ್ರ 44. ಯೂಜಿನಾಯ್ಡಿಸ್ ಎಂಬ ಕಾಡು ಕಾಫಿಯೂ ನಾವು ರೊಬಸ್ಟಾ ಎನ್ನುವ ಕೆನೆಫೋರಾವೂ ಆಫ್ರಿಕಾದ ಕಾಡಿನಲ್ಲಿ ತಾವಾಗಿಯೇ ಬೆರೆತು, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಉಳಿದುಕೊಂಡು ಹುಟ್ಟಿದ ಗಿಡ ಇದು. ಈ ಬೆರಕೆ ಸುಮಾರು 6 ಲಕ್ಷ ವರ್ಷಗಳ ಹಿಂದೆ ನಡೆದಿರಬೇಕೆಂದು 2024ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಅಂದಾಜು ಮಾಡಿದೆ.

ಹುಟ್ಟೇ ಅಪರೂಪದ್ದು, ಹಾಗಾಗಿ ವೈವಿಧ್ಯವೂ ಕಡಿಮೆ. ಅದರ ಮೇಲೆ ಅರೇಬಿಕಾ ತನ್ನ ಹೂವಿನ ಪರಾಗದಿಂದ ತಾನೇ ಕಾಯಿಕಟ್ಟುತ್ತದೆ. ಇಥಿಯೋಪಿಯಾದಿಂದ ಯೆಮನ್‌ಗೆ, ಅಲ್ಲಿಂದ ಜಗತ್ತಿಗೆ ಹರಡಿದ್ದೂ ಕೆಲವೇ ಬೀಜಗಳ ಮೂಲಕ. ಬಾಬಾ ಬುಡನ್ ಅವರು ತಂದರೆಂದು ನಮ್ಮ ಬೆಟ್ಟದ ಸೀಮೆ ನಂಬುವ ಏಳು ಬೀಜಗಳ ಕಥೆ ಐತಿಹ್ಯವೇ ಇರಬಹುದು, ಆದರೆ ತಳಿಶಾಸ್ತ್ರದ ದೃಷ್ಟಿಯಿಂದ ಅದು ವಾಸ್ತವಕ್ಕೆ ಬಹಳ ಹತ್ತಿರವಿದೆ: ಇಡೀ ಒಂದು ಸೀಮೆಯ ತೋಟಗಳು ಒಂದು ಹಿಡಿ ಬೀಜದ ಸಂತತಿ. ಇಂಥ ಬೆಳೆಗೆ ರೋಗವೊಂದು ಹೊಂದಿಕೊಂಡಿತೆಂದರೆ ಒಂದು ಗಿಡಕ್ಕೆ ಆದದ್ದು ಎಲ್ಲ ಗಿಡಕ್ಕೂ ಆಗುತ್ತದೆ.

ಎಲೆತುಕ್ಕು

ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ, ಮೇಲ್ಭಾಗದಲ್ಲಿ ಹಳದಿ ಮಚ್ಚೆ. ರೋಗ ಬಲಿತರೆ ಎಲೆ ಉದುರಿ, ಕಾಯಿ ಹೊತ್ತ ರೆಂಬೆಗಳು ಬರಿದಾಗಿ ಒಣಗುತ್ತವೆ. ಇದಕ್ಕೆ ಕಾರಣ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರ. ಇದರ ಬೀಜಕ ಮೊಳೆಯಲು ಎಲೆಯ ಮೇಲೆ ನೀರಿನ ಹನಿ ಬೇಕು. ಮೊಳೆತದ್ದು ಎಲೆಯಡಿಯ ಪತ್ರರಂಧ್ರದ ಮೂಲಕ ಒಳಹೊಕ್ಕು ಸುಮಾರು ಒಂದು ತಿಂಗಳಿನಲ್ಲಿ ಹೊಸ ಪುಡಿ ಹೊರಹಾಕುತ್ತದೆ. ಒಂದೊಂದು ಮಚ್ಚೆಯಲ್ಲೂ ಲಕ್ಷಗಟ್ಟಲೆ ಬೀಜಕಗಳು. ಮಲೆನಾಡಿನ ಮಳೆಗಾಲಕ್ಕಿಂತ ಒಳ್ಳೆಯ ಅನುಕೂಲ ಅದಕ್ಕೆ ಬೇರೆಲ್ಲಿ ಸಿಗಬೇಕು?

ಸಿಂಹಳದಿಂದ ಹೋದ ಎಲೆಗಳನ್ನು ನೋಡಿ 1869ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ಈ ಶಿಲೀಂಧ್ರಕ್ಕೆ ಹೆಸರಿಟ್ಟರು. ಅದಾಗಿ ಎರಡು ದಶಕ ಕಳೆಯುವಷ್ಟರಲ್ಲಿ ಸಿಂಹಳದ ಕಾಫಿ ನೆಲಕಚ್ಚಿ ಆ ಬೆಟ್ಟಗಳಿಗೆ ಟೀ ಬಂತು. 1880ರಲ್ಲಿ ಅಲ್ಲಿಗೆ ಹೋದ ಮಾರ್ಷಲ್ ವಾರ್ಡ್ ರೋಗದ ಜೀವನಚಕ್ರವನ್ನು ಬಿಡಿಸಿಟ್ಟರು. ಬೆಟ್ಟವಿಡೀ ಒಂದೇ ಬೆಳೆ ಹಾಕಿದ್ದರಿಂದ ರೋಗ ತಡೆಯಿಲ್ಲದೆ ಹರಡಿತೆಂದೂ ಅವರು ಅರ್ಥಮಾಡಿಕೊಂಡಿದ್ದರು. ರೋಗಶಾಸ್ತ್ರದ ಮೊದಲ ದೊಡ್ಡ ಪಾಠಗಳಲ್ಲಿ ಒಂದು ನಮ್ಮ ನೆರೆಯ ದ್ವೀಪದ ಕಾಫಿ ತೋಟದಲ್ಲಿ ಬರೆಯಲ್ಪಟ್ಟಿತು ಎಂಬುದನ್ನು ನಾವು ಹೆಚ್ಚು ನೆನೆಯುವುದಿಲ್ಲ.

ತುಕ್ಕು ದಕ್ಷಿಣ ಭಾರತಕ್ಕೂ ಬೇಗನೆ ದಾಟಿತು. ಇಲ್ಲಿದ್ದ 'ಚಿಕ್ಸ್' ಎಂಬ ಹಳೆಯ ತಳಿ, ಆಮೇಲೆ ಬಂದ 'ಕೂರ್ಗ್' ತಳಿ ಎರಡೂ ರೋಗಕ್ಕೆ ಸೋತವು. 1911ರಲ್ಲಿ ಕೆಂಟ್ ಎಂಬ ಬೆಳೆಗಾರರು ಮೈಸೂರು ಸೀಮೆಯ ದೊಡ್ಡೇನಗುಡ್ಡ ತೋಟದಲ್ಲಿ ತುಕ್ಕು ತಗುಲದ ಗಿಡವೊಂದನ್ನು ಗುರುತಿಸಿ ಅದರ ಬೀಜ ಬೆಳೆಸಿದರು. ಅದೇ 'ಕೆಂಟ್ಸ್' ತಳಿ. ಗುಣಮಟ್ಟವೂ ಚೆನ್ನಾಗಿದ್ದುದರಿಂದ ತೋಟದಿಂದ ತೋಟಕ್ಕೆ ಹರಡಿತು. ಕೆಲವು ವರ್ಷಗಳಲ್ಲಿ ಅದರ ಎಲೆಗಳ ಮೇಲೂ ತುಕ್ಕು ಕಾಣಿಸಿತು.

ಬಾಳೆಹೊನ್ನೂರು, 1925

ಕೆನಡಾದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು. ಅಡಿಕೆಯ ಕೊಳೆರೋಗಕ್ಕೆ ಕಾರಣ ಕಂಡುಹಿಡಿದು ಬೋರ್ಡೋ ದ್ರಾವಣ ಹೊಡೆಸಿದವರು ಅವರೇ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಅವರ ಮುತುವರ್ಜಿಯಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಈಗ ಅದು ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಕೆಂಟ್ಸ್ ಏಕೆ ಸೋತಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. 1930ರ ದಶಕದಲ್ಲಿ ಡಬ್ಲ್ಯು. ಡಬ್ಲ್ಯು. ಮೇನ್ ಅವರು ತುಕ್ಕಿನ ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ ಎಂದು ಜಗತ್ತಿನಲ್ಲೇ ಮೊದಲಿಗೆ ತೋರಿಸಿದರು. ಕಣ್ಣಿಗೆ ಎಲ್ಲವೂ ಅದೇ ಕಿತ್ತಳೆ ಪುಡಿ. ಬೇರೆ ಬೇರೆ ತಳಿಯ ಎಲೆಗಳಿಗೆ ಸವರಿದಾಗ ಮಾತ್ರ ಭೇದ ತಿಳಿಯುತ್ತದೆ: ಒಂದು ಪಂಗಡ ಕೂರ್ಗ್ ತಳಿಗೆ ಹತ್ತಿ ಕೆಂಟ್ಸ್ ಬಿಡುತ್ತದೆ, ಇನ್ನೊಂದು ಎರಡನ್ನೂ ಹಿಡಿಯುತ್ತದೆ. ಅಂದರೆ ಕೆಂಟ್ಸ್ ಗಿಡ ಬದಲಾಗಿರಲಿಲ್ಲ. ಅದರ ರಕ್ಷಣೆಯನ್ನು ದಾಟಬಲ್ಲ ಪಂಗಡವೊಂದು ಹೆಚ್ಚಿಕೊಂಡಿತ್ತು. ಹೊಸ ತಳಿ ಎಷ್ಟು ಜನಪ್ರಿಯವಾಗುತ್ತದೋ ಅಷ್ಟೂ ಅಂಥ ಪಂಗಡಕ್ಕೆ ಉಣಿಸು ಸಿಗುತ್ತದೆ.

1955ರಲ್ಲಿ ಪೋರ್ಚುಗಲ್ಲಿನಲ್ಲಿ ಎಲೆತುಕ್ಕಿಗೆಂದೇ ಸ್ಥಾಪನೆಯಾದ ಅಂತಾರಾಷ್ಟ್ರೀಯ ಕೇಂದ್ರ ಈ ಕೆಲಸವನ್ನು ಮುಂದುವರಿಸಿತು. ಕಾಫಿ ಬೆಳೆಯದ ದೇಶವಾದ್ದರಿಂದ ಎಲ್ಲ ಪಂಗಡಗಳನ್ನೂ ಅಲ್ಲಿ ಅಪಾಯವಿಲ್ಲದೆ ಇಟ್ಟುಕೊಳ್ಳಬಹುದಿತ್ತು. ಇಂದು ಗುರುತಿಸಿರುವ ಪಂಗಡಗಳು 50ಕ್ಕೂ ಹೆಚ್ಚು. ಗಿಡದ ಕಡೆ ಎಸ್‌ಎಚ್ 1ರಿಂದ ಎಸ್‌ಎಚ್ 9ರವರೆಗೆ ಒಂಬತ್ತು ನಿರೋಧಕ ವಂಶವಾಹಿಗಳನ್ನು ಹೆಸರಿಸಿದ್ದಾರೆ. ಅರೇಬಿಕಾದ ಸ್ವಂತದ್ದು 1, 2, 4 ಮತ್ತು 5 ಮಾತ್ರ. ಮೂರನೆಯದು ಲಿಬೆರಿಕಾ ಕಾಫಿಯಿಂದ ಬಂದದ್ದು, 6ರಿಂದ 9 ರೊಬಸ್ಟಾ ಕಡೆಯಿಂದ. ಹೆಚ್ಚು ಬೆಲೆಬಾಳುವ ರಕ್ಷಣೆಯೆಲ್ಲ ನೆಂಟರಿಂದ ತಂದದ್ದು.

ಎಸ್. 795

ತುಕ್ಕು ಬಂದ ಮೇಲೆ ಬದಲಿ ಬೆಳೆಯಾಗಿ ಲಿಬೆರಿಕಾವನ್ನು ಇಲ್ಲಿಯ ತೋಟಗಳಲ್ಲಿ ನೆಟ್ಟಿದ್ದರು. ಅದು ಮರದಂತೆ ಎತ್ತರ ಬೆಳೆಯುವ, ದಪ್ಪ ಎಲೆಯ ಗಿಡ. ಕಾಫಿ ರುಚಿಯಾಗದೆ ಮಾರುಕಟ್ಟೆ ಹಿಡಿಯಲಿಲ್ಲ. ಆದರೆ ಎಲ್ಲೋ ಒಂದು ಕಡೆ ಅದರ ಪರಾಗ ಅರೇಬಿಕಾದೊಡನೆ ಬೆರೆಯಿತು. 22 ವರ್ಣತಂತುಗಳ ಗಿಡವೂ 44ರ ಗಿಡವೂ ಕೂಡಿದರೆ ಹುಟ್ಟುವ ಸಸಿಗೆ ಸಾಮಾನ್ಯವಾಗಿ 33, ಅದು ಬಂಜೆ. ಈ ಬೆರಕೆ ಮಾತ್ರ ಕಾಯಿಬಿಟ್ಟಿತು. ಅದನ್ನು ಸಂಶೋಧಕರು ಎಸ್. 26 ಎಂದು ಗುರುತಿಸಿ, ಅದರ ಸಂತತಿಯಿಂದ ಎಸ್. 288 ಆರಿಸಿದರು. ತುಕ್ಕು ತಡೆಯುವುದರಲ್ಲಿ ಗಟ್ಟಿ. ಆದರೆ ಬೀಜದಲ್ಲಿ ದೋಷ, ಗುಣಮಟ್ಟವೂ ಸಾಧಾರಣ.

ಮುಂದಿನ ಹೆಜ್ಜೆ ಎಸ್. 288ನ್ನು ಕೆಂಟ್ಸ್ ಜೊತೆ ಸಂಕರ ಮಾಡಿದ್ದು. ಅದರಿಂದ ಬಂದ ಎಸ್. 795 1940ರ ದಶಕದ ನಡುವೆ ಬೆಳೆಗಾರರ ಕೈ ಸೇರಿತು. ಲಿಬೆರಿಕಾದ ರಕ್ಷಣೆ, ಕೆಂಟ್ಸ್‌ನ ರುಚಿ, ಒಳ್ಳೆಯ ಇಳುವರಿ ಒಂದೇ ಗಿಡದಲ್ಲಿ. ದಶಕಗಳ ಕಾಲ ಭಾರತದ ಅರೇಬಿಕಾ ಎಂದರೆ ಬಹುಪಾಲು ಇದೇ ಆಯಿತು. ಇಂಡೋನೇಷ್ಯಾದಲ್ಲೂ ಇದನ್ನು ಬೆಳೆಯುತ್ತಾರೆ.

ಮೂರನೇ ವಂಶವಾಹಿಯನ್ನೂ ದಾಟುವ ಪಂಗಡಗಳು ಆಮೇಲೆ ಬಂದವು. ಇಂದು ಎಸ್. 795 ತೋಟದಲ್ಲಿ ತುಕ್ಕು ಇದ್ದೇ ಇದೆ. ಆದರೂ ಬೆಳೆಗಾರರು ಇದನ್ನು ಬಿಟ್ಟಿಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಇಳಿದ ಮೇಲೆ ಒಮ್ಮೆ ಶೇ. 0.5ರ ಬೋರ್ಡೋ ದ್ರಾವಣ ಎಲೆಯಡಿಗೆ ಮುಟ್ಟುವಂತೆ ಹೊಡೆದು ನಡೆಸಿಕೊಂಡು ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಳಿಯ ಸೋಲಲ್ಲ. ರೋಗವನ್ನು ಪೂರ್ತಿ ತಡೆದು ಹತ್ತು ವರ್ಷಕ್ಕೆ ಕುಸಿಯುವ ಗಿಡಕ್ಕಿಂತ, ಸ್ವಲ್ಪ ರೋಗ ಸಹಿಸಿಕೊಂಡು ಎಂಬತ್ತು ವರ್ಷ ಫಸಲು ಕೊಡುತ್ತ ಬಂದ ತಳಿ ಹೆಚ್ಚಿನದು.

ತಿಮೋರ್ ದ್ವೀಪದ ಗಿಡ

1920ರ ದಶಕದಲ್ಲಿ ತಿಮೋರ್ ದ್ವೀಪದ ಅರೇಬಿಕಾ ತೋಟವೊಂದರಲ್ಲಿ ತುಕ್ಕಿಲ್ಲದ ಗಿಡವೊಂದು ಕಣ್ಣಿಗೆ ಬಿತ್ತು. ರೊಬಸ್ಟಾ ಮತ್ತು ಅರೇಬಿಕಾ ತಾವಾಗಿ ಕೂಡಿ, 44 ವರ್ಣತಂತುಗಳನ್ನೇ ಪಡೆದು ಹುಟ್ಟಿದ ಗಿಡ ಅದು. ಜಗತ್ತಿನ ತುಕ್ಕು ನಿರೋಧಕ ತಳಿಗಳಲ್ಲಿ ಹೆಚ್ಚಿನವು ಇದರ ವಂಶದವು. 1970ರಲ್ಲಿ ಬ್ರೆಜಿಲ್‌ಗೆ ತುಕ್ಕು ತಲುಪಿದ ಮೇಲೆ ಇದರ ಬೇಡಿಕೆ ಇನ್ನೂ ಏರಿತು. ಭಾರತದಲ್ಲಿ ಇದರ ಕುಡಿಗಳು ಕಾವೇರಿ, ಸೆಲೆಕ್ಷನ್ 9, ಮತ್ತು 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ. ಕಾವೇರಿಯ ರಕ್ಷಣೆ ಬೇಗ ಸಡಿಲವಾಯಿತು. ಗಿಡ್ಡ ಗಿಡವಾದ ಚಂದ್ರಗಿರಿಯನ್ನು ಹೊಸದಾಗಿ ನೆಡುವವರು ಇಷ್ಟಪಟ್ಟಿದ್ದಾರೆ.

ಬಿಳಿ ಕಾಂಡಕೊರಕ

ಬೋರರ್ ಎಂದರೆ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂಬ ಉದ್ದ ಮೀಸೆಯ ದುಂಬಿ. ಕಪ್ಪು ಮೈ, ಅದರ ಮೇಲೆ ಬಿಳಿ ಪಟ್ಟೆ. ಹೆಣ್ಣು ದುಂಬಿ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಹುಳು ತೊಗಟೆಯಡಿ ಶುರುಮಾಡಿ ಗಟ್ಟಿ ಮರದೊಳಕ್ಕೆ ಸುರಂಗ ಕೊರೆಯುತ್ತ ಒಂಬತ್ತು ಹತ್ತು ತಿಂಗಳು ಅಲ್ಲೇ ಕಳೆಯುತ್ತದೆ. ಕೊರೆದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಬಿಗಿಯಾಗಿ ತುಂಬುವುದರಿಂದ ಔಷಧಿ ಒಳಗೆ ತಲುಪುವುದಿಲ್ಲ. ಹೊರಗೆ ಕಾಣುವುದು ಕಾಂಡದ ಮೇಲೆ ಏಣುಗಳು, ಹಳದಿಯಾಗಿ ಜೋತ ಎಲೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಏಳೆಂಟು ವರ್ಷದ ಎಳೆ ಗಿಡ ಒಂದೇ ವರ್ಷಕ್ಕೆ ಸಾಯಬಹುದು.

ಇದು ಹೊಸ ಪಿಡುಗಲ್ಲ. 1860ರ ದಶಕದಲ್ಲಿ ಕೊಡಗಿನ ತೋಟಗಳನ್ನು ಹಾಳುಗೆಡವಿದ್ದು ಇದೇ ಹುಳು. ಮದರಾಸು ಸರ್ಕಾರದ ವೈದ್ಯಾಧಿಕಾರಿ ಜಾರ್ಜ್ ಬಿಡೀ 1869ರಲ್ಲಿ ಅದರ ಬಗ್ಗೆ ವರದಿ ಕೊಟ್ಟರು. ಕಾಡು ಬೋಳಿಸಿ ಬಿಸಿಲಿಗೆ ಒಡ್ಡಿದ ತೋಟಗಳ ಮೇಲೆಯೇ ಬೋರರ್ ಎರಗುತ್ತದೆ, ನೆರಳು ಬೇಕು ಎಂಬುದು ಆ ಕಾಲದಿಂದ ಬಂದ ತಿಳಿವಳಿಕೆ. ದಕ್ಷಿಣ ಭಾರತದ ಕಾಫಿ ಇಂದು ಮರಗಳ ಕೆಳಗೆ ಬೆಳೆಯುವುದಕ್ಕೆ ಈ ಹುಳುವೂ ಒಂದು ಕಾರಣ.

ತುಕ್ಕಿನ ವಿರುದ್ಧ ಒಂದು ವಂಶವಾಹಿಯೇ ಗಿಡವನ್ನು ಕಾಪಾಡಬಲ್ಲದು. ಬೋರರ್ ವಿರುದ್ಧ ಅರೇಬಿಕಾದಲ್ಲಿ ಅಂಥದ್ದು ಸಿಕ್ಕಿಲ್ಲ. ರೊಬಸ್ಟಾಕ್ಕೆ ಇದರ ಕಾಟ ಇಲ್ಲವೆಂದೇ ಹೇಳಬೇಕು, ಆದರೆ ಆ ಗುಣ ಅರೇಬಿಕಾಕ್ಕೆ ರುಚಿ ಕೆಡದಂತೆ ದಾಟಿಲ್ಲ. ಹಾಗಾಗಿ ಇಲ್ಲಿ ಕೈಕೆಲಸವೇ ಗತಿ. ದುಂಬಿ ಹಾರುವುದು ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮೊದಲೇ ಗಿಡ ಗಿಡ ನೋಡಿ ಹುಳು ಬಿದ್ದದ್ದನ್ನು ಕಿತ್ತು ಸುಡಬೇಕು. ಮೊಟ್ಟೆಗೆ ಜಾಗ ಸಿಗದಂತೆ ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಕೈಗವಸಿನಿಂದ ಉಜ್ಜಬೇಕು, ಸುಣ್ಣ ಬಳಿಯಬೇಕು. ಹಿಂದೆ ಕಾಂಡಕ್ಕೆ ಹೊಡೆಯುತ್ತಿದ್ದ ಲಿಂಡೇನ್ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿ ಸೇರಿತು. ಗಂಡು ದುಂಬಿ ಹೊರಸೂಸುವ ವಾಸನೆಯನ್ನು ರಸಾಯನಶಾಸ್ತ್ರಜ್ಞರು ಗುರುತಿಸಿ ಮೋಹಕ ಬಲೆಗಳನ್ನು ಮಾಡಿದ್ದಾರೆ. ಅವು ನೆರವಾಗುತ್ತವೆ, ಪರಿಹಾರವಾಗಿಲ್ಲ. ಒಬ್ಬ ಬೆಳೆಗಾರ ಕಿತ್ತು, ಪಕ್ಕದ ತೋಟದವನು ಬಿಟ್ಟರೆ ಕಿತ್ತದ್ದೂ ವ್ಯರ್ಥ. ಕೂಲಿಯಾಳು ಸಿಗದ ಈ ಕಾಲದಲ್ಲಿ ಸಣ್ಣ ಬೆಳೆಗಾರರು ಸೋಲುವುದು ಇಲ್ಲಿಯೇ.

ನೆರಳಿನ ಲೆಕ್ಕ

ಹಾಗಾದರೆ ನೆರಳು ಹೆಚ್ಚಿಸಿದರೆ ಮುಗಿಯಿತೇ? ದಟ್ಟ ನೆರಳಿನಲ್ಲಿ ಎಲೆಯ ತೇವ ಆರುವುದಿಲ್ಲ. ತುಕ್ಕಿಗೂ ಮಳೆಗಾಲದ ಕೊಳೆರೋಗಕ್ಕೂ ಅದೇ ಹದ. 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಾಣಿಸಿ ಕೊಡಗಿಗೆ ಹಬ್ಬಿದ ಆಫ್ರಿಕಾ ಮೂಲದ ಕಾಯಿಕೊರಕಕ್ಕೂ ದಟ್ಟ ನೆರಳು ಹಿತ. ನೆರಳು ಕಡಿದರೆ ಬೋರರ್, ಬಿಟ್ಟರೆ ತುಕ್ಕು. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕು ಬಿಡುವುದು, ಬೇಸಿಗೆಗೆ ಹಾಲುವಾಣ ಮತ್ತೆ ಚಿಗುರಿ ಕಾಂಡ ಮುಚ್ಚುವಂತೆ ನೋಡಿಕೊಳ್ಳುವುದು, ಅತ್ತಿ, ಬಸರಿ, ಹಲಸುಗಳನ್ನು ಮೇಲಿನ ನೆರಳಾಗಿ ಉಳಿಸುವುದು, ಈ ಹದವೇ ಅರೇಬಿಕಾ ಬೇಸಾಯದ ಜೀವಾಳ. ಬೇಗ ಬೆಳೆಯುವ, ಮೆಣಸಿನ ಬಳ್ಳಿಗೂ ಮಾರಾಟಕ್ಕೂ ಒದಗುವ ಸಿಲ್ವರ್ ಓಕ್ ಒಂದನ್ನೇ ನೆಟ್ಟಲ್ಲಿ ಈ ಹದ ತಪ್ಪುತ್ತದೆ.

ತುಕ್ಕು ತಡೆಯುವ ತಳಿಯ ನಿಜವಾದ ಬೆಲೆ ಇಲ್ಲಿ ಗೊತ್ತಾಗುತ್ತದೆ. ತುಕ್ಕಿನ ಭಯ ಕಡಿಮೆಯಾದರೆ ಬೆಳೆಗಾರ ಬೋರರ್‌ಗೆ ಬೇಕಾದಷ್ಟು ನೆರಳು ಇಟ್ಟುಕೊಳ್ಳಬಹುದು. ತಳಿ ಇಲ್ಲದ ಕೀಟಕ್ಕೆ ತಳಿ ಇರುವ ರೋಗದ ಸಂಶೋಧನೆ ನೆರವಾಗುವುದು ಈ ದಾರಿಯಿಂದ.

ಬರ ಮತ್ತು ಹೂಮಳೆ

ಕಾಫಿ ಮೊಗ್ಗುಗಳು ಬೇಸಿಗೆಯ ಒಣಹವೆಯಲ್ಲಿ ಸುಪ್ತವಾಗಿದ್ದು, ಫೆಬ್ರವರಿ-ಮಾರ್ಚ್‌ನಲ್ಲಿ ಒಂದಿಂಚಿನಷ್ಟು ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅರಳುತ್ತವೆ. ಹೂಮಳೆ ತಪ್ಪಿದರೆ ರೊಬಸ್ಟಾ ಮೊಗ್ಗು ಒಣಗುತ್ತದೆ. ಅದಕ್ಕೇ ಕೆರೆ ತುಂಬಿಸಿ ಸ್ಪ್ರಿಂಕ್ಲರ್ ಹಾಕುವುದು. ಅರೇಬಿಕಾ ಬೇರು ಆಳಕ್ಕಿಳಿಯುವುದರಿಂದ ಬರವನ್ನು ಅಷ್ಟಿಷ್ಟು ತಡೆದುಕೊಳ್ಳುತ್ತದೆ, ಬಿಸಿಯನ್ನಲ್ಲ. ಬಿಸಿಲು ಬಲಿತ ವರ್ಷ ಬೋರರ್ ಹಾವಳಿಯೂ ಏರುತ್ತದೆ. ಹವಾಮಾನದ ಒತ್ತಡವನ್ನೂ ಕೀಟವನ್ನೂ ಬೇರೆ ಬೇರೆ ವಿಷಯವಾಗಿ ನೋಡಲು ಕಾಫಿ ತೋಟದಲ್ಲಿ ಸಾಧ್ಯವಿಲ್ಲ.

ವಂಶವಾಹಿಗಳ ಕಾವಲು

ಬೀಜದಿಂದ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಬೇಕಾದ ಬೆಳೆಯಲ್ಲಿ ಒಂದು ತಳಿ ರೂಪುಗೊಳ್ಳಲು ಎರಡು ದಶಕವಾದರೂ ಬೇಕು. ಈಗ ಡಿಎನ್‌ಎ ಗುರುತುಗಳ ನೆರವಿನಿಂದ ಎಳೆ ಸಸಿಯಲ್ಲೇ ಎಸ್‌ಎಚ್ 3 ಇದೆಯೇ ಎಂದು ನೋಡಬಹುದು. ಲಿಬೆರಿಕಾದ ಮತ್ತು ತಿಮೋರ್ ಗಿಡದ ರಕ್ಷಣೆಗಳನ್ನು ಒಂದೇ ತಳಿಗೆ ಸೇರಿಸುವ ಪ್ರಯತ್ನಕ್ಕೆ ಇದು ದೊಡ್ಡ ಬಲ. ಎರಡನ್ನೂ ಒಟ್ಟಿಗೆ ದಾಟುವುದು ಶಿಲೀಂಧ್ರಕ್ಕೆ ಹೆಚ್ಚು ಕಷ್ಟ.

ಆದರೆ ಸೇರಿಸಲು ಮೂಲ ಗಿಡಗಳು ಉಳಿದಿರಬೇಕು. ಕಾಫಿ ಬೀಜವನ್ನು ಭತ್ತ, ರಾಗಿಯಂತೆ ಒಣಗಿಸಿ ಶೀತಲಗೃಹದಲ್ಲಿ ದಶಕಗಟ್ಟಲೆ ಇಡಲಾಗದು. ಆದ್ದರಿಂದ ಸಂಗ್ರಹವೆಲ್ಲ ಜೀವಂತ ಗಿಡಗಳ ರೂಪದಲ್ಲೇ ತೋಟದಲ್ಲಿರಬೇಕು. 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಥಿಯೋಪಿಯಾದಿಂದ ಸಂಗ್ರಹಿಸಿದ ಅರೇಬಿಕಾ ಬೀಜಗಳಲ್ಲಿ ಒಂದು ಪಾಲು ಭಾರತಕ್ಕೂ ಬಂತು. ಕಾಡು ಕಾಫಿಯ ಪ್ರಭೇದಗಳಲ್ಲಿ ಶೇ. 60ರಷ್ಟು ಅಳಿವಿನ ಅಂಚಿನಲ್ಲಿವೆ ಎಂದು 2019ರ ಅಧ್ಯಯನವೊಂದು ಹೇಳಿದೆ. ಅವು ನಾಶವಾದರೆ ಇಂಥ ಸಂಗ್ರಹಗಳೇ ಆಸರೆ. ಬೋರರ್ ತಡೆಯುವ ಗುಣವೇನಾದರೂ ಮುಂದೆ ಸಿಗುವುದಿದ್ದರೆ ಮೊದಲು ಹುಡುಕಬೇಕಾದ್ದು ಅಲ್ಲಿ. ಅದಕ್ಕೆ ಬೇಕಾದ ಹಣ, ಆಳು, ನೆಲವನ್ನು ಪ್ರತಿ ವರ್ಷವೂ ತಪ್ಪದೆ ಒದಗಿಸುವುದು ಹೊಸ ತಳಿಯ ಬಿಡುಗಡೆಯಷ್ಟೇ ಮುಖ್ಯವಾದ ಕೆಲಸ.